ತಗಡಿನ ಡಬ್ಬಿಯೊಳಗೆ ಒಬ್ಬನೇ ರಿಪೇರಿಯವನು

ಮೊದಲ ಸಲ ನಾನು ಸತ್ತದ್ದು ಕಾರ್ಬನ್ ಡೈಆಕ್ಸೈಡ್‌ನಿಂದ. ಎರಡನೆಯ ಸಲ ಚಳಿಯಿಂದ. ಮೂರನೆಯ ಸಲ ಏನಾಯಿತೋ ಇವತ್ತಿಗೂ ಗೊತ್ತಿಲ್ಲ. ಕೈಯಲ್ಲೊಂದು ಬಿಡಿಭಾಗ ಹಿಡಿದಿದ್ದೆ, ಅದನ್ನು ಯಾವ ಯಂತ್ರದಿಂದ ಕಿತ್ತೆ ಎಂದು ನೆನಪಿಸಿಕೊಳ್ಳುವಷ್ಟರಲ್ಲಿ ಪರದೆ ಕಪ್ಪಾಯಿತು.

ಆಟದ ಹೆಸರು ‘ಟಿನ್ ಕ್ಯಾನ್’, 2022ರಲ್ಲಿ ಬಂದದ್ದು. ಕತೆ ಎನ್ನುವುದು ಹೆಚ್ಚೇನಿಲ್ಲ. ನಿಮ್ಮ ಅಂತರಿಕ್ಷ ನೌಕೆ ಸಿಡಿಯಲಿದೆ. ಸಿಕ್ಕಿದ ಸಾಮಾನು ಬಾಚಿಕೊಂಡು ಪಾರಾಗುವ ಪುಟ್ಟ ಗೂಡಿನೊಳಗೆ ಹಾರಿಕೊಳ್ಳಬೇಕು. ಆಮೇಲೆ ಯಾರಾದರೂ ಬಂದು ಕಾಪಾಡುವ ತನಕ ಉಸಿರು ಹಿಡಿದುಕೊಂಡಿರಬೇಕು. ಶತ್ರುಗಳಿಲ್ಲ, ಬಂದೂಕಿಲ್ಲ. ಇರುವುದು ಕೆಡುತ್ತಲೇ ಇರುವ ಯಂತ್ರಗಳು: ಆಮ್ಲಜನಕ ಕೊಡುವುದೊಂದು, ಕಾರ್ಬನ್ ಡೈಆಕ್ಸೈಡ್ ಹೀರುವುದೊಂದು, ಬಿಸಿ ಕಾಯುವುದೊಂದು, ಇವೆಲ್ಲಕ್ಕೂ ಕರೆಂಟು ಕೊಡುವುದೊಂದು.

ಆಟದ ಜಾಣತನವೆಲ್ಲ ಇರುವುದು ಬಿಡಿಭಾಗಗಳಲ್ಲಿ. ಒಂದೇ ಬಗೆಯ ಭಾಗ ನಾಲ್ಕಾರು ಯಂತ್ರಗಳಲ್ಲಿರುತ್ತದೆ. ಹೊಸದು ಮುಗಿದ ಮೇಲೆ ಸದ್ಯಕ್ಕೆ ಬೇಡದ ಯಂತ್ರದಿಂದ ಕಿತ್ತು ಬೇಕಾದದ್ದಕ್ಕೆ ಹಾಕಬೇಕು. ನಮ್ಮೂರಿನ ಪಂಪ್‌ಸೆಟ್ ಮೆಕ್ಯಾನಿಕ್ ಬೇಸಿಗೆಯಲ್ಲಿ ಮಾಡುತ್ತಿದ್ದುದೂ ಇದನ್ನೇ. ಅವನ ಅಂಗಡಿ ಮುಂದೆ ಸತ್ತ ಮೋಟಾರುಗಳ ಗುಡ್ಡೆಯೇ ಇರುತ್ತಿತ್ತು, ಒಂದನ್ನೂ ಗುಜರಿಗೆ ಹಾಕುತ್ತಿರಲಿಲ್ಲ. ಯಾವ ಯಂತ್ರವನ್ನು ಎಷ್ಟು ಹೊತ್ತು ಕೆಟ್ಟಿರಲು ಬಿಡಬಹುದು ಎನ್ನುವ ಲೆಕ್ಕಾಚಾರವೇ ಈ ಆಟ. ಇಪ್ಪತ್ತು ವರ್ಷ ಸಾಫ್ಟ್‌ವೇರ್ ಪ್ರಾಜೆಕ್ಟ್ ನಡೆಸಿದವನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮಲ್ಲಿ ಅದಕ್ಕೆ ‘ಪ್ರಯಾರಿಟೈಸೇಶನ್’ ಎಂಬ ಗೌರವದ ಹೆಸರಿದೆ, ಅಷ್ಟೇ ವ್ಯತ್ಯಾಸ.

ಗುರುತ್ವಾಕರ್ಷಣೆ ಉಂಟುಮಾಡುವ ಯಂತ್ರವೂ ಈ ಗೂಡಿನಲ್ಲಿದೆ. ಅದು ಶುದ್ಧ ಕಟ್ಟುಕತೆ. ಅದಕ್ಕೆ ನನ್ನ ತಕರಾರಿಲ್ಲ, ಅದು ಕೆಟ್ಟಾಗ ಸಾಮಾನೆಲ್ಲ ತೇಲತೊಡಗುವುದು ನೋಡಲು ಚೆನ್ನಾಗಿಯೇ ಇದೆ. ‘ವಾಸ್ತವಕ್ಕೆ ಹತ್ತಿರವಾದ ಆಟ’ ಎಂದು ಹೊಗಳುವವರೊಡನೆ ನನ್ನ ಜಗಳ ಬೇರೆಯದು. ಈ ಗೂಡಿನಲ್ಲಿ ನಾನು ಒಬ್ಬನೇ ಇದ್ದೇನೆ. ಬಾಹ್ಯಾಕಾಶದ ರಿಪೇರಿ ಎಂದು ಚರಿತ್ರೆಯಲ್ಲಿ ದಾಖಲಾದ ದೊಡ್ಡ ಘಟನೆಗಳಲ್ಲಿ ಯಾರೂ ಒಬ್ಬರೇ ಇರಲಿಲ್ಲ.

1970ರ ಏಪ್ರಿಲ್‌ನ ಅಪೊಲೊ 13 ಎಲ್ಲರಿಗೂ ಗೊತ್ತಿರುವ ಕತೆ. ಮುಖ್ಯ ನೌಕೆಯ ಗಾಳಿ ಶುದ್ಧೀಕರಿಸುವ ಡಬ್ಬಿಗಳು ಚೌಕ, ಮೂವರೂ ಆಶ್ರಯ ಪಡೆದಿದ್ದ ಚಂದ್ರನೌಕೆಯವು ದುಂಡಗೆ. ಪ್ಲಾಸ್ಟಿಕ್ ಚೀಲ, ಕೈಪಿಡಿಯ ರಟ್ಟು, ಉಡುಪಿನ ಕೊಳವೆ, ಅಂಟುಪಟ್ಟಿ ಇವುಗಳಿಂದ ಅವನ್ನು ಜೋಡಿಸಿದರು. ಆದರೆ ಜೋಡಿಸುವ ಬಗೆಯನ್ನು ಕಂಡುಹಿಡಿದವರು ಮೇಲಿದ್ದವರಲ್ಲ. ಕೆಳಗೆ ಹ್ಯೂಸ್ಟನ್ನಿನಲ್ಲಿ ಅದೇ ಸಾಮಾನು ಮುಂದಿಟ್ಟುಕೊಂಡು ಮೊದಲು ಮಾಡಿ ನೋಡಿದರು, ಆಮೇಲೆ ರೇಡಿಯೋದಲ್ಲಿ ಒಂದೊಂದೇ ಹೆಜ್ಜೆ ಓದಿ ಹೇಳಿದರು.

ನನಗೆ ಅದಕ್ಕಿಂತ ಹೆಚ್ಚು ಇಷ್ಟವಾದದ್ದು 2009ರ ಮೇ 17ರ ಘಟನೆ. ಹಬಲ್ ದೂರದರ್ಶಕದ ಒಂದು ವರ್ಣಪಟಲ ಉಪಕರಣ 2004ರಲ್ಲೇ ಕೆಟ್ಟು ಕೂತಿತ್ತು. ಅದರ ಮುಚ್ಚಳಕ್ಕೆ 111 ಪುಟ್ಟ ಸ್ಕ್ರೂಗಳು. ಬಿಚ್ಚಿದ ಒಂದೂ ತೇಲಿ ಹೋಗದಂತೆ ಅದಕ್ಕೆಂದೇ ವಿಶೇಷ ಫಲಕ ಮಾಡಿಸಿದ್ದರು, ವರ್ಷಗಟ್ಟಲೆ ತಾಲೀಮು ನಡೆಸಿದ್ದರು. ಮೈಕ್ ಮ್ಯಾಸಿಮಿನೊ ಅಲ್ಲಿ ತಲುಪಿದಾಗ ಕೈಕೊಟ್ಟದ್ದು ಮಾತ್ರ ಆ 111ರಲ್ಲಿ ಯಾವುದೂ ಅಲ್ಲ. ಮುಚ್ಚಳಕ್ಕೆ ಅಡ್ಡವಾಗಿದ್ದ ಒಂದು ಮಾಮೂಲಿ ಹಿಡಿಕೆಯ ಬೋಲ್ಟು! ಅದರ ತಲೆ ಸವೆದು ಟೂಲ್ ಸುಮ್ಮನೆ ತಿರುಗತೊಡಗಿತು. ಕೆಳಗೆ ಎಂಜಿನಿಯರುಗಳು ಅಂಥದೇ ಹಿಡಿಕೆಯನ್ನು ಎಳೆದು ನೋಡಿ, ಸುಮಾರು 60 ಪೌಂಡ್ ಬಲಕ್ಕೆ ಅದು ಮುರಿಯುತ್ತದೆ ಎಂದು ಅಳೆದರು. ಅಲ್ಲಿಯವರೆಗೆ ಮ್ಯಾಸಿಮಿನೊ ಕಾದ. ಒಪ್ಪಿಗೆ ಬಂದ ಮೇಲೆ ಎಳೆದು ಮುರಿದ. ಎಂಟು ಗಂಟೆ ದಾಟಿದ ಆ ದಿನದ ಕೆಲಸದಲ್ಲಿ ನನಗೆ ದೊಡ್ಡದೆನಿಸುವುದು ಅವನ ತೋಳ್ಬಲವಲ್ಲ, ಆ ಕಾಯುವಿಕೆ.

‘ಟಿನ್ ಕ್ಯಾನ್’ ಆಟದಲ್ಲಿ ಕಾಯಲು ಯಾರೂ ಇಲ್ಲ, ಕೇಳಲು ಯಾರೂ ಇಲ್ಲ. ಕೈಪಿಡಿಯೊಂದಿದೆ, ಓದಿಕೊಂಡು ಸಾಯಬೇಕು. ಅದೇ ವರ್ಷ ಪೂರ್ಣರೂಪದಲ್ಲಿ ಬಂದ ‘ಹಾರ್ಡ್‌ಸ್ಪೇಸ್: ಶಿಪ್‌ಬ್ರೇಕರ್’ ಹಡಗು ಒಡೆಯುವ ಆಟ, ರಿಪೇರಿಯದಲ್ಲ. ಆದರೂ ಕೆಲಸದ ಬಗ್ಗೆ ಅದಕ್ಕೆ ಹೆಚ್ಚು ತಿಳಿದಿದೆ ಅನ್ನಿಸುತ್ತದೆ. ಅಲ್ಲಿ ಕಾರ್ಮಿಕನ ತಲೆಮೇಲೆ ನೂರು ಕೋಟಿ ಡಾಲರ್ ಮೀರಿದ ಸಾಲವಿದೆ, ಕಿವಿಯಲ್ಲಿ ಜೊತೆಗಾರರ ದನಿಯಿದೆ, ಯೂನಿಯನ್ ಕಟ್ಟುವ ಮಾತೂ ಇದೆ.

ಇದನ್ನು ಇಷ್ಟು ಎಳೆಯುವುದಕ್ಕೆ ನನ್ನದೇ ಕಾರಣವೊಂದಿದೆ. ಕೆಲವು ವರ್ಷಗಳ ಹಿಂದೆ ಪುಣೆಯಲ್ಲಿ ನನ್ನ ತಂಡದ ಹುಡುಗನೊಬ್ಬ ನಡುರಾತ್ರಿ ಕುಸಿದ ಸಿಸ್ಟಮ್ ಒಂದನ್ನು ಯಾರನ್ನೂ ಎಬ್ಬಿಸದೆ ಬೆಳಗಿನೊಳಗೆ ಸರಿಮಾಡಿದ. ‘ಒಬ್ಬನೇ ನಿಂತು ಕಾಪಾಡಿದ’ ಎಂದು ಎಲ್ಲರಿಗೂ ಮೇಲ್ ಬರೆದವನು ನಾನೇ. ಪ್ರಶಸ್ತಿಪತ್ರವೂ ಸಿಕ್ಕಿತು. ಆಮೇಲೆ ಅವನು ಯಾರನ್ನೂ ಎಬ್ಬಿಸಲೇ ಇಲ್ಲ. ಏಳೆಂಟು ತಿಂಗಳು ಹೀಗೇ ನಡೆಯಿತು. ಒಂದು ಸೋಮವಾರ ಬಂದು ರಾಜೀನಾಮೆ ಕೊಟ್ಟ. ಕಾರಣ ಕೇಳಿದಾಗ, “ಸರ್, ನಿದ್ದೆ ಬರ್ತಿಲ್ಲ” ಎಂದ. ಬೇರೇನೂ ಹೇಳಲಿಲ್ಲ. ಆ ಮೇಲನ್ನು ಈಗ ಓದಿದರೆ ಅದು ಈ ಆಟದ ಜಾಹೀರಾತಿನ ಹಾಗೇ ಇದೆ.

ಹಾಗೆಂದು ಆಟ ಕಳಪೆ ಎನ್ನಲಾರೆ. ಅಲಾರ್ಮು ಹೊಡೆದುಕೊಳ್ಳುವಾಗ ಕೈ ತಪ್ಪುದಾರಿ ಹಿಡಿಯುವುದನ್ನು ಇಷ್ಟು ನಿಜವಾಗಿ ತೋರಿಸುವ ಆಟ ನಾನು ಇನ್ನೊಂದು ಆಡಿಲ್ಲ. ಆದರೆ ಆ ಕೈಗೆ ಒಂದು ದನಿಯ ಜೊತೆ ಬೇಕಾಗುತ್ತದೆಂದು ಅದಕ್ಕೆ ಹೊಳೆದಿಲ್ಲ.

ಹೋದ ಭಾನುವಾರ ಕೈಪಿಡಿಯ ಪುಟಗಳನ್ನು ಫೋನಿನಲ್ಲಿ ಫೋಟೋ ತೆಗೆದು ಮಗಳ ಕೈಗೆ ಕೊಟ್ಟು ಸೋಫಾದಲ್ಲಿ ಕೂರಿಸಿದೆ. ಪರದೆ ನೋಡುವಂತಿಲ್ಲ, ನಾನು ಕೇಳಿದ್ದನ್ನು ಓದಿ ಹೇಳಬೇಕು, ಅಷ್ಟೇ. ಮೊದಮೊದಲು ಇಬ್ಬರೂ ಕಿರುಚಾಡಿದೆವು. ಸ್ವಲ್ಪ ಹೊತ್ತಿಗೆ ಅವಳು, “ಅಪ್ಪಾ, ಕೈ ತೆಗಿ. ಮೊದ್ಲು ಎಲ್ಲಿಂದ ಕಿತ್ತೆ ಅಂತ ಹೇಳು” ಎಂದಳು.

ಹೇಳಿದೆ. ಆ ಸಲವೂ ಸತ್ತೆವು, ಆದರೆ ಅಷ್ಟು ಹೊತ್ತು ನಾನು ಅದಕ್ಕೆ ಮುಂಚೆ ಬದುಕಿದ್ದಿಲ್ಲ.