ಶಿಬಿರ ಮುಗಿದ ಮೇಲೆ ಪುಸ್ತಕ ಯಾರ ಕೈಯಲ್ಲಿ?

ಏಪ್ರಿಲ್ ಎರಡನೇ ವಾರದಲ್ಲಿ ಬಾಗಿಲು ಹಾಕಿದ ಶಾಲೆಗಳು ಮತ್ತೆ ತೆರೆಯುವುದು ಮೇ ತಿಂಗಳ ಕೊನೆಗೆ. ಅನುಕೂಲಸ್ಥರ ಮಕ್ಕಳಿಗೆ ಈಜು, ಕರಾಟೆ, ಅಬ್ಯಾಕಸ್ ಎಂದು ಈ ರಜೆ ಸಾಲುವುದೇ ಇಲ್ಲ. ಉಳಿದ ಮಕ್ಕಳು ದುಡ್ಡು ಕೊಡದೆ, ಯಾರ ಶಿಫಾರಸೂ ಇಲ್ಲದೆ ಒಳಗೆ ಹೋಗಿ ಕೂರಬಹುದಾದ ಜಾಗ ಸಾರ್ವಜನಿಕ ಗ್ರಂಥಾಲಯವೊಂದೇ. ಆದ್ದರಿಂದ ಈಚಿನ ವರ್ಷಗಳಲ್ಲಿ ಗ್ರಂಥಾಲಯಗಳು ನಡೆಸುತ್ತಿರುವ ಬೇಸಿಗೆ ಶಿಬಿರ, ಪುಸ್ತಕ ಪ್ರದರ್ಶನ, ಕಥೆ ಹೇಳುವ ಕಾರ್ಯಕ್ರಮಗಳನ್ನು ‘ಏನೋ ಒಂದು ಮಾಡುತ್ತಿದ್ದಾರಲ್ಲ’ ಎಂದು ಮೆಚ್ಚಿ ಸುಮ್ಮನಾಗುವುದು ಸರಿಯಲ್ಲ. ನಾಟಕವನ್ನೋ ಕಾದಂಬರಿಯನ್ನೋ ನೋಡುವಷ್ಟೇ ಎಚ್ಚರದಿಂದ ಅವನ್ನೂ ವಿಮರ್ಶೆಗೆ ಒಡ್ಡಬೇಕು. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಶಿಬಿರಗಳು ಗ್ರಂಥಾಲಯದಲ್ಲಿ ನಡೆಯುತ್ತಿವೆ. ಬಹಳ ಕಡೆ ಅವು ಇನ್ನೂ ಗ್ರಂಥಾಲಯದ ಶಿಬಿರಗಳಾಗಿಲ್ಲ.

ಹಿನ್ನೆಲೆ ಸ್ವಲ್ಪ ತಿಳಿದಿರಬೇಕು. ರಾಜ್ಯದ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು. ಅದಕ್ಕೆ ಮೊದಲು ಅವುಗಳಲ್ಲಿ ಎಷ್ಟೋ ಕಡೆ ಒಂದು ಕೋಣೆ, ಎರಡು ಬೀರು, ನಾಲ್ಕಾರು ಪತ್ರಿಕೆ ಇದ್ದರೆ ಅದೇ ಹೆಚ್ಚು. ಕೋವಿಡ್ ಕಾಲದಲ್ಲಿ ಶಾಲೆಗಳು ಮುಚ್ಚಿದ್ದಾಗ, 2020ರ ನವೆಂಬರ್‌ನಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಯಿತು. ಹಳ್ಳಿಯ ಶಾಲಾಮಕ್ಕಳಿಗೆ ಗ್ರಂಥಾಲಯದ ಸದಸ್ಯತ್ವ ಉಚಿತವಾಯಿತು. ಅದರ ತುರ್ತು ಎಷ್ಟಿತ್ತೆಂಬುದು ಮುಂದಿನ ವರ್ಷವೇ ಗೊತ್ತಾಯಿತು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು ಕರ್ನಾಟಕವೂ ಸೇರಿ ಐದು ರಾಜ್ಯಗಳಲ್ಲಿ ನಡೆಸಿದ ಅಧ್ಯಯನದಲ್ಲಿ, ಶೇ 92ರಷ್ಟು ಮಕ್ಕಳು ಹಿಂದಿನ ವರ್ಷ ಕಲಿತಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಒಂದನ್ನಾದರೂ ಕಳೆದುಕೊಂಡಿದ್ದರು. ಈಗ ಆ ಗ್ರಂಥಾಲಯಗಳಿಗೆ ‘ಅರಿವು ಕೇಂದ್ರ’ ಎಂದು ಹೆಸರು. ಗೋಡೆಗೆ ಬಣ್ಣ ಬಂದಿದೆ, ಕಂಪ್ಯೂಟರ್ ಬಂದಿದೆ, ಬೇಸಿಗೆಯಲ್ಲಿ ಮಕ್ಕಳ ಶಿಬಿರವೂ ಬಂದಿದೆ. ಇಷ್ಟನ್ನು ಸಾಧಿಸಿದ್ದು ಸಣ್ಣ ಮಾತಲ್ಲ. ಸರ್ಕಾರದ ಕೆಲಸವೆಂದರೆ ಮೂಗು ಮುರಿಯುವವರೂ ಇದನ್ನು ಒಪ್ಪಿಕೊಳ್ಳಬೇಕು.

ಬೇಸಿಗೆಯ ಓದು ಏಕೆ ಮುಖ್ಯ ಎಂಬುದಕ್ಕೆ ಹಳೆಯದೊಂದು ಆಧಾರವಿದೆ. ಅಮೆರಿಕದ ಸಮಾಜಶಾಸ್ತ್ರಜ್ಞೆ ಬಾರ್ಬರಾ ಹೇನ್ಸ್ ಅಟ್ಲಾಂಟಾ ನಗರದ ಶಾಲಾಮಕ್ಕಳ ಬಗ್ಗೆ 1978ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಬಡವರ ಮತ್ತು ಉಳ್ಳವರ ಮಕ್ಕಳ ಕಲಿಕೆಯ ಅಂತರ ರಜೆಯಲ್ಲಿ ಹಿಗ್ಗುತ್ತದೆ. ಆ ರಜೆಯಲ್ಲಿ ಮಗು ಎಷ್ಟು ಪುಸ್ತಕ ಓದಿತು, ಗ್ರಂಥಾಲಯಕ್ಕೆ ಹೋಯಿತೋ ಇಲ್ಲವೋ ಎಂಬುದು ಕಲಿಕೆಯ ಮೇಲೆ ನೇರವಾಗಿ ಕಾಣುತ್ತದೆ ಎಂದು ಆಕೆ ತೋರಿಸಿದರು. ಅಟ್ಲಾಂಟಾದ ಮಾತು ನಮ್ಮ ತುಮಕೂರಿನ ಅಂಚಿನ ಅಂತರಸನಹಳ್ಳಿಗೆ ಹಾಗ್ಹಾಗೇ ಅನ್ವಯಿಸದಿರಬಹುದು. ಆದರೂ ಮನೆಯಲ್ಲಿ ಕಥೆಪುಸ್ತಕವೇ ಇಲ್ಲದ ಮಗು ಏಳು ವಾರ ಅಕ್ಷರದ ಮುಖ ನೋಡದೆ ಜೂನ್‌ನಲ್ಲಿ ತರಗತಿಗೆ ಬಂದು ಕೂತರೆ ಏನಾಗುತ್ತದೆಂದು ನಮ್ಮ ಯಾವ ಮೇಷ್ಟರನ್ನು ಕೇಳಿದರೂ ಹೇಳುತ್ತಾರೆ.

ಹಾಗಾದರೆ ಶಿಬಿರಗಳಲ್ಲಿ ನಡೆಯುವುದೇನು? ಕಾಗದದ ಟೋಪಿ, ಜೇಡಿಮಣ್ಣಿನ ಗಣಪ, ಚಿತ್ರ ಬಿಡಿಸುವುದು, ಗಾದೆ ಒಗಟು, ಚೌಕಾಬಾರ, ಚೆಸ್, ಒಂದಿಷ್ಟು ಹಾಡು ಕುಣಿತ. ಕೊನೆಯ ದಿನ ಅತಿಥಿಗಳ ಭಾಷಣ, ಪ್ರಮಾಣಪತ್ರ, ಗುಂಪು ಫೋಟೊ. ಇವುಗಳಲ್ಲಿ ಕೆಟ್ಟದ್ದು ಯಾವುದೂ ಇಲ್ಲ. ಮಕ್ಕಳು ನಗುನಗುತ್ತಾ ಬರುತ್ತಾರೆ, ಅದೂ ಬೆಲೆಯುಳ್ಳದ್ದೇ. ಆದರೆ ಇದನ್ನೆಲ್ಲ ಬಾಲಭವನ ಮಾಡುತ್ತದೆ, ಶಾಲೆ ಮಾಡುತ್ತದೆ. ಇನ್ನೂ ಚೆನ್ನಾಗಿ ಮಾಡುವವರೂ ಇದ್ದಾರೆ. ಮೈಸೂರಿನ ರಂಗಾಯಣದ ‘ಚಿಣ್ಣರ ಮೇಳ’ ಒಂದು ತಲೆಮಾರಿನ ಮಕ್ಕಳಿಗೆ ರಂಗಭೂಮಿಯ ರುಚಿ ಹತ್ತಿಸಿತು. ಅಲ್ಲಿ ಆಟ, ಹಾಡು, ಬಣ್ಣ ಎಲ್ಲವೂ ರಂಗದ ಕಡೆಗೇ ಹರಿಯುತ್ತಿದ್ದವು. ಗ್ರಂಥಾಲಯದ ಶಿಬಿರದಲ್ಲಿ ಎಲ್ಲವೂ ಪುಸ್ತಕದ ಕಡೆಗೆ ಹರಿಯಬೇಕಲ್ಲವೇ? ಬೀರುವಿಗೆ ಬೀಗ ಹಾಕಿಕೊಂಡು ಅದರ ಮುಂದೆಯೇ ಹದಿನೈದು ದಿನ ಶಿಬಿರ ನಡೆಸುವುದಾದರೆ ಸಮುದಾಯ ಭವನವೇ ಸಾಕಿತ್ತು.

ಇದು ಕಷ್ಟದ ಕೆಲಸವೂ ಅಲ್ಲ. ನಮ್ಮ ಜಿಲ್ಲೆಯ ಒಂದು ಪಂಚಾಯಿತಿ ಗ್ರಂಥಾಲಯದಲ್ಲಿ ಮೇಲ್ವಿಚಾರಕಿಯೊಬ್ಬರು ಮಕ್ಕಳನ್ನು ಚಾಪೆಯ ಮೇಲೆ ಅರ್ಧಚಂದ್ರಾಕಾರವಾಗಿ ಕೂರಿಸಿಕೊಂಡು, ಚಿತ್ರಪುಸ್ತಕವನ್ನು ಎದೆಯ ಮಟ್ಟಕ್ಕೆ ಹಿಡಿದು, ಪುಟ ತಮ್ಮ ಕಡೆಗಲ್ಲದೆ ಮಕ್ಕಳ ಕಡೆಗೆ ಇರುವಂತೆ ತಿರುಗಿಸಿ ಓದುತ್ತಿದ್ದರು. ಪ್ರತಿ ಪುಟ ಮಗುಚುವ ಮುನ್ನ ‘ಈಗ ಏನಾಗುತ್ತೆ ಹೇಳ್ರಪ್ಪಾ?’ ಎಂದು ನಿಲ್ಲಿಸುತ್ತಿದ್ದರು. ಹಿಂದಿನ ಸಾಲಿನಲ್ಲಿದ್ದ ಹುಡುಗನೊಬ್ಬ ಚಿತ್ರ ಕಾಣದೆ ಮಂಡಿಯೂರಿ ಮುಂದೆ ಮುಂದೆ ಸರಿದು ಕೊನೆಗೆ ಪುಸ್ತಕದ ಪಕ್ಕದಲ್ಲೇ ಬಂದು ಕೂತ. ಅವರು ಕೊನೆಯ ಎರಡು ಪುಟ ಓದದೆ ಪುಸ್ತಕವನ್ನು ಕಪಾಟಿನಲ್ಲಿ ಇಟ್ಟುಬಿಟ್ಟರು. ಇಟ್ಟ ಕೂಡಲೇ ಐದಾರು ಕೈಗಳು ಆ ಪುಸ್ತಕಕ್ಕೆ. ಬೇಸಿಗೆ ಶಿಬಿರದಲ್ಲಿ ನಾನು ಕಂಡ ಅತ್ಯುತ್ತಮ ಕಾರ್ಯಕ್ರಮ ಇದೇ. ಬ್ಯಾನರ್ ಇರಲಿಲ್ಲ, ಮೈಕ್ ಇರಲಿಲ್ಲ, ಖರ್ಚೂ ಇರಲಿಲ್ಲ.

ಪ್ರದರ್ಶನಗಳ ಮಾತು ಬೇರೆ. ಪುಸ್ತಕ ಪ್ರದರ್ಶನವೆಂದರೆ ಮೇಜಿಗೆ ಬಿಳಿ ಬಟ್ಟೆ ಹಾಸಿ, ಹೊಸ ಪುಸ್ತಕಗಳನ್ನು ಮುಖಪುಟ ಮೇಲಾಗಿ ಜೋಡಿಸಿ, ‘ಮುಟ್ಟಬೇಡಿ’ ಎಂದು ಚೀಟಿ ಇಡುವುದು ಎಂಬ ರೂಢಿ ಇನ್ನೂ ಹೋಗಿಲ್ಲ. ಗ್ರಂಥಾಲಯ ವಿಜ್ಞಾನಕ್ಕೆ 1931ರಲ್ಲಿ ಐದು ಸೂತ್ರಗಳನ್ನು ಕೊಟ್ಟ ಎಸ್.ಆರ್. ರಂಗನಾಥನ್ ಕೊನೆಯ ದಿನಗಳವರೆಗೂ ಬೆಂಗಳೂರಿನಲ್ಲಿ ಬಾಳಿದವರು. ಅವರ ಮೊದಲ ಸೂತ್ರವೇ ಪುಸ್ತಕ ಇರುವುದು ಬಳಕೆಗೆ ಎಂಬುದು. ಅವರ ಹುಟ್ಟುಹಬ್ಬವಾದ ಆಗಸ್ಟ್ 12ರಂದು ಫೋಟೊಗೆ ಹಾರ ಹಾಕುವ ಸಂಸ್ಥೆಗಳು ಏಪ್ರಿಲ್‌ನಲ್ಲಿ ಅದೇ ಸೂತ್ರವನ್ನು ಮರೆಯಬಾರದು.

ತುಮಕೂರಿನ ಜನಕ್ಕೆ ಪ್ರದರ್ಶನ ಎಂದರೆ ಏನೆಂದು ಯಾರೂ ಹೇಳಿಕೊಡಬೇಕಿಲ್ಲ. ಶಿವರಾತ್ರಿಯ ಹೊತ್ತಿಗೆ ಸಿದ್ಧಗಂಗಾ ಮಠದ ಜಾತ್ರೆಯಲ್ಲಿ ನಡೆಯುವ ಕೃಷಿ ಮತ್ತು ಕೈಗಾರಿಕಾ ವಸ್ತುಪ್ರದರ್ಶನಕ್ಕೆ ಸುತ್ತಲ ತಾಲ್ಲೂಕುಗಳ ರೈತರು ಮನೆಮಂದಿಯೊಂದಿಗೆ ಬರುತ್ತಾರೆ. ನೋಡಿ ಹೋಗುವುದಕ್ಕಷ್ಟೇ ಅವರು ಬರುವುದಿಲ್ಲ. ಬಿತ್ತನೆ ಬೀಜವನ್ನು ಅಂಗೈಯಲ್ಲಿಟ್ಟು ನೋಡುತ್ತಾರೆ, ‘ಎಷ್ಟು ದಿನಕ್ಕೆ ಕೊಯ್ಲು, ಎಷ್ಟು ನೀರು ಬೇಕು’ ಎಂದು ಕೇಳುತ್ತಾರೆ, ಒಪ್ಪದಿದ್ದರೆ ವಾದ ಮಾಡುತ್ತಾರೆ. ನಮ್ಮ ನೆಲದಲ್ಲೇ ಇರುವ ಈ ಮಾದರಿ ಗ್ರಂಥಾಲಯದವರ ಕಣ್ಣಿಗೆ ಏಕೆ ಬೀಳಲಿಲ್ಲ ಎಂಬುದು ನನಗೆ ಅರ್ಥವಾಗದ ಸಂಗತಿ.

ಅಂತರಸನಹಳ್ಳಿಯನ್ನೇ ನೋಡಿ. ನಗರದ ಉತ್ತರಕ್ಕೆ, ಶಿರಾ ಕಡೆಗೆ ಹೋಗುವ ಹೆದ್ದಾರಿಯ ಬಳಿ ಇರುವ ಈ ಊರಿನಲ್ಲಿ ತರಕಾರಿಯ ಸಗಟು ಮಾರುಕಟ್ಟೆಯಿದೆ, ಕೈಗಾರಿಕಾ ಪ್ರದೇಶವಿದೆ. ಬೆಳಗಿನ ಜಾವಕ್ಕೆ ಟೊಮೆಟೊ ಕ್ರೇಟುಗಳು, ಬೀನ್ಸ್ ಮೂಟೆಗಳು ಇಳಿಯುತ್ತವೆ. ಹರಾಜು, ತೂಕ, ಹಮಾಲಿ, ಕಮಿಷನ್ ಎಲ್ಲವೂ ಬಿಸಿಲೇರುವ ಮುನ್ನ ಮುಗಿಯುವ ವ್ಯವಹಾರ. ಇಲ್ಲಿನ ಮಕ್ಕಳು ಒಂದು ಬೇಸಿಗೆ ಈ ಮಾರುಕಟ್ಟೆಯನ್ನೇ ಪ್ರದರ್ಶನ ಮಾಡಬಹುದು. ಯಾವ ತರಕಾರಿ ಯಾವ ತಾಲ್ಲೂಕಿನಿಂದ ಬಂತು ಎಂದು ನಕ್ಷೆ ಬರೆಯಲಿ. ಒಂದೇ ತರಕಾರಿಯ ದರ ವಾರದಲ್ಲಿ ಹೇಗೆ ಏರಿಳಿಯಿತೆಂದು ಗೋಡೆಯ ಮೇಲೆ ಗೆರೆ ಎಳೆಯಲಿ. ರೈತನಿಗೆ ಕೊಡುವ ಪಟ್ಟಿಯಲ್ಲಿ ಏನೇನು ಕಳೆಯುತ್ತಾರೆ, ಕೈಗೆ ಎಷ್ಟು ಉಳಿಯುತ್ತದೆ ಎಂದು ಲೆಕ್ಕ ಹಾಕಲಿ. ಸೇರು, ಪಾವು, ಚಟಾಕು, ಕೊಳಗ, ಖಂಡುಗಗಳ ವಿಚಾರವನ್ನು ಅಜ್ಜ ಅಜ್ಜಿಯರಿಂದ ಕೇಳಿ ಬರೆದುಕೊಳ್ಳಲಿ. ಪ್ರತಿ ಫಲಕದ ಕೆಳಗೆ ಆ ವಿಷಯಕ್ಕೆ ಸಂಬಂಧಿಸಿದ ಎರಡು ಪುಸ್ತಕ ಇರಲಿ, ಅವನ್ನು ಅಂದೇ ಮನೆಗೆ ಒಯ್ಯುವ ಅನುಮತಿಯೂ ಇರಲಿ.

ಗುಬ್ಬಿಯಲ್ಲಾದರೆ ವಸ್ತು ಇನ್ನೂ ಸಮೃದ್ಧ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ, ರಂಗದ ಮೇಲೆ ನಿಜವಾದ ಆನೆ ಕುದುರೆಗಳನ್ನೇ ತಂದ ವೀರಣ್ಣನವರು ಇವರ ಕಥೆಗೆ ಹಳೆಯ ಕರಪತ್ರ, ಫೋಟೊ, ಹಿರಿಯರ ನೆನಪುಗಳನ್ನು ಕೂಡಿಸಿದರೆ ಒಂದು ಕೋಣೆ ತುಂಬುತ್ತದೆ. ಕುಣಿಗಲ್‌ನ ಮಕ್ಕಳಿಗೆ ಕೆರೆ ಇದೆ, ಕೆರೆಯ ಜನಪದ ಹಾಡಿದೆ, ಕುದುರೆ ಫಾರಂ ಇದೆ. ಶಿಬಿರ ಮುಗಿದ ಮೇಲೆ ಈ ಬರಹಗಳನ್ನು ಹೊಲಿದು, ಸಂಖ್ಯೆ ಕೊಟ್ಟು, ಗ್ರಂಥಾಲಯದ ಕಪಾಟಿನಲ್ಲೇ ಇಡಬೇಕು. ತಾನು ಬರೆದದ್ದು ಗ್ರಂಥಾಲಯದಲ್ಲಿದೆ ಎಂದು ತಿಳಿದ ಮಗು ಗ್ರಂಥಾಲಯವನ್ನು ಬಿಡುವುದಿಲ್ಲ. ಗ್ರಂಥಾಲಯ ಬೆಳೆಯುವ ಜೀವಿ ಎಂಬ ರಂಗನಾಥನ್ ಅವರ ಐದನೇ ಸೂತ್ರಕ್ಕೆ ಇದಕ್ಕಿಂತ ಸರಳವಾದ ಭಾಷ್ಯ ನನಗೆ ತೋಚುವುದಿಲ್ಲ.

ಇನ್ನೊಂದು ಕೊರತೆ ಆಡಳಿತದ್ದು. ಪಂಚಾಯಿತಿ ಗ್ರಂಥಾಲಯಗಳು ಒಂದು ಇಲಾಖೆಯಲ್ಲಿ, ನಗರದ ಗ್ರಂಥಾಲಯಗಳು ಇನ್ನೊಂದರಲ್ಲಿ. ‘ಓದುವ ಬೆಳಕು’ ಹಳ್ಳಿಗಳಿಗೆಂದು ರೂಪುಗೊಂಡ ಯೋಜನೆ. ಕೇಂದ್ರ ಗ್ರಂಥಾಲಯದ ಸೌಲಭ್ಯ ಊರ ನಡುವೆ. ನಗರ ಬೆಳೆದು ಹಳ್ಳಿಗಳನ್ನು ಸೇರಿಸಿಕೊಳ್ಳುತ್ತಿರುವ ಅಂಚಿನಲ್ಲಿ, ಹಮಾಲರ, ಕಾರ್ಖಾನೆ ಕೂಲಿಗಳ, ಬೇರೆ ರಾಜ್ಯಗಳಿಂದ ಬಂದವರ ಮಕ್ಕಳು ಈ ಎರಡರ ನಡುವಿನ ಸಂದಿಯಲ್ಲಿ ಉಳಿದುಬಿಡುತ್ತಾರೆ. ಅವರಲ್ಲಿ ಹಿಂದಿ, ಉರ್ದು, ತೆಲುಗು ಮನೆಮಾತಿನವರೂ ಇದ್ದಾರೆ. ಕನ್ನಡವನ್ನು ಅವರು ಪ್ರೀತಿಯಿಂದ ಕಲಿಯಬೇಕೆಂದರೆ ಮಾರುಕಟ್ಟೆಯ ಮಗ್ಗುಲಲ್ಲೇ ಒಂದು ಓದುವ ಮನೆ ಬೇಕು. ಕಟ್ಟಡ ಆಗುವ ತನಕ ಕಾಯಬೇಕಿಲ್ಲ. ತಮಿಳುನಾಡಿನ ಮನ್ನಾರ್‌ಗುಡಿಯಲ್ಲಿ 1931ರಲ್ಲೇ ರಂಗನಾಥನ್ ಅವರ ಪ್ರೇರಣೆಯಿಂದ ಎತ್ತಿನ ಗಾಡಿಯ ಮೇಲೆ ಗ್ರಂಥಾಲಯ ಹಳ್ಳಿಹಳ್ಳಿಗೆ ಹೋಗಿತ್ತು. ಇಂದು ಒಂದು ಗೂಡ್ಸ್ ಆಟೊ ಸಾಕು.

ಸಮಯದ ವಿಚಾರವೂ ಅಷ್ಟೇ ಮುಖ್ಯ. ಏಪ್ರಿಲ್ 14 ಅಂಬೇಡ್ಕರ್ ಜಯಂತಿ, ಸರ್ಕಾರಿ ರಜೆ. ಓದಿನಿಂದಲೇ ಮೇಲೆದ್ದು, ಪುಸ್ತಕಗಳಿಗೆಂದೇ ಮುಂಬೈಯ ದಾದರ್‌ನಲ್ಲಿ ‘ರಾಜಗೃಹ’ ಕಟ್ಟಿಸಿಕೊಂಡ ಮಹನೀಯರ ದಿನದಂದು ಗ್ರಂಥಾಲಯದ ಬಾಗಿಲು ಹಾಕಿರುವುದು ನನಗೆ ನೋವಿನ ವಿಷಯ. ಬೇಸಿಗೆಯ ಕಾರ್ಯಕ್ರಮಗಳು ಆ ದಿನದಿಂದಲೇ ಶುರುವಾಗಬೇಕು. 2024ರ ಬರದ ಬೇಸಿಗೆಯಲ್ಲಿ ರಾಜ್ಯದ 223 ತಾಲ್ಲೂಕುಗಳ ಶಾಲೆಗಳಲ್ಲಿ ರಜೆಯಲ್ಲೂ ಬಿಸಿಯೂಟ ನೀಡುವ ಏರ್ಪಾಡಾಯಿತು. ಮಕ್ಕಳು ಊಟಕ್ಕೆಂದು ಹೇಗೂ ಬರುತ್ತಿದ್ದರು. ಊಟದ ಹಿಂದಿನ ಒಂದು ಗಂಟೆಯನ್ನು ಓದಿಗೆ ಜೋಡಿಸಿದ್ದರೆ ಎರಡು ಇಲಾಖೆಗಳ ಶ್ರಮ ಒಂದೇ ಮಗುವಿಗೆ ದಕ್ಕುತ್ತಿತ್ತು.

ಇಷ್ಟನ್ನೂ ಮಾಡಬೇಕಾದವರು ಗ್ರಂಥಾಲಯ ಮೇಲ್ವಿಚಾರಕರು. ಬಹುಕಾಲ ಅರೆಕಾಲಿಕರೆಂಬ ಹೆಸರಿನಲ್ಲಿ, ಅಲ್ಪ ಗೌರವಧನಕ್ಕೆ ದುಡಿದವರು ಅವರು. ಕಥೆ ಓದಿ ಹೇಳುವುದು, ಮಗುವಿಗೆ ತಕ್ಕ ಪುಸ್ತಕ ಆರಿಸಿಕೊಡುವುದು ಕಲಿತು ಬರುವ ವಿದ್ಯೆ. ಅದಕ್ಕೆ ತರಬೇತಿ ಬೇಕು, ತಕ್ಕ ಸಂಬಳ ಬೇಕು. ಹಣವಿಲ್ಲ ಎನ್ನುವ ಹಾಗಿಲ್ಲ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಂತೆ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರವನ್ನು ನಾವೆಲ್ಲ ಕಟ್ಟುತ್ತಿದ್ದೇವೆ. ಕಟ್ಟಿದ ಕರ ಸಕಾಲಕ್ಕೆ ಗ್ರಂಥಾಲಯಕ್ಕೆ ತಲುಪುತ್ತಿದೆಯೇ ಎಂದು ಕೇಳುವವರು ಕಡಿಮೆ. ಗಡಿಯಾಚೆ ಕಾಸರಗೋಡಿನಲ್ಲಿ, ಪಿ.ಎನ್. ಪಣಿಕ್ಕರ್ 1945ರಲ್ಲಿ ಹುಟ್ಟುಹಾಕಿದ ಗ್ರಂಥಶಾಲಾ ಚಳವಳಿಯ ಫಲವಾಗಿ, ಊರಿನ ಗ್ರಂಥಾಲಯವನ್ನು ಸದಸ್ಯರೇ ಆರಿಸಿದ ಸಮಿತಿ ನಡೆಸುತ್ತದೆ. ಅಲ್ಲಿ ಕೇಳುವವರಿದ್ದಾರೆ. ನಮ್ಮಲ್ಲೂ ಪ್ರತಿ ಗ್ರಂಥಾಲಯಕ್ಕೆ ಓದುಗರ ಒಂದು ಸಮಿತಿ, ಅದರಲ್ಲಿ ಇಬ್ಬರು ಮಕ್ಕಳು ಇರುವಂತಾದರೆ, ಬೇಸಿಗೆಗೆ ಯಾವ ಕಾರ್ಯಕ್ರಮ ಬೇಕೆಂದು ಮೇಲಿನ ಸುತ್ತೋಲೆಗೆ ಕಾಯಬೇಕಾಗಿಲ್ಲ.

ಶಿಬಿರಗಳ ಯಶಸ್ಸನ್ನು ಈಗ ಅಳೆಯುವುದು ಹಾಜರಾತಿ ಮತ್ತು ಫೋಟೊಗಳಿಂದ. ಈ ಅಳತೆಗೋಲನ್ನು ಬದಲಿಸಬೇಕು. ಜೂನ್ ಮತ್ತು ಜುಲೈ ತಿಂಗಳ ಎರವಲು ದಾಖಲೆಯನ್ನು ತೆಗೆದು ನೋಡಿದರೆ ಸಾಕು. ಶಿಬಿರಕ್ಕೆ ಬಂದ ಮಕ್ಕಳಲ್ಲಿ ಎಷ್ಟು ಮಂದಿಯ ಹೆಸರು ಅದರಲ್ಲಿದೆ, ಯಾವ ಪುಸ್ತಕಕ್ಕೆ ಎದುರಾಗಿದೆ ಎಂಬುದು ಸತ್ಯ ಹೇಳುತ್ತದೆ. ಹೆಸರುಗಳು ಇಲ್ಲದಿದ್ದರೆ ಶಿಬಿರ ಎಷ್ಟು ವಿಜೃಂಭಣೆಯಿಂದ ನಡೆದಿದ್ದರೂ ಗ್ರಂಥಾಲಯದ ಮಟ್ಟಿಗೆ ಸೋತಂತೆಯೇ. ಕಟ್ಟಡ, ಸದಸ್ಯತ್ವ, ಶಿಬಿರ ಎಂಬ ಮೂರು ಮೆಟ್ಟಿಲನ್ನು ಕರ್ನಾಟಕ ಕೆಲವೇ ವರ್ಷಗಳಲ್ಲಿ ಹತ್ತಿದೆ. ಉಳಿದಿರುವುದು ಬೀರುವಿನ ಬೀಗ ತೆಗೆಯುವುದು, ಪುಸ್ತಕ ಹರಿದರೆ ಮಗುವನ್ನು ಗದರದಿರುವುದು, ಓದಿ ಹೇಳುವವರಿಗೆ ಓದಿ ಹೇಳಲು ಬಿಡುವು ಕೊಡುವುದು. ಮುಂದಿನ ಏಪ್ರಿಲ್‌ಗೆ ಮೊದಲು ತುಮಕೂರು ಜಿಲ್ಲೆಯ ಗ್ರಂಥಾಲಯಗಳು ಈ ಮೂರನ್ನು ಮಾಡಲಿ; ಉಳಿದ ಕಾರ್ಯಕ್ರಮಗಳನ್ನು ಮಕ್ಕಳೇ ಕೇಳಿ ಮಾಡಿಸಿಕೊಳ್ಳುತ್ತಾರೆ.