ಅನ್ನದುಂಡೆಯೊಳಗೆ ಉಪ್ಪುಸೊಳೆ

ಅರಾಂಚೀನಿಯನ್ನು ಕೈಯಲ್ಲಿ ಹಿಡಿದು ಮುರಿದರೆ ಮೊದಲು ಬೆರಳಿಗೆ ಸಿಗುವುದು ಗರಿಗರಿ ಹೊರಮೈ. ಅದರ ಒಳಗೆ ತೆಳು ಹಳದಿಯ ಅನ್ನ, ಒಂದಕ್ಕೊಂದು ಅಂಟಿಕೊಂಡಿದ್ದರೂ ಕಾಳು ಕಾಳಾಗಿಯೇ ಕಾಣುವ ಅನ್ನ. ಅದರ ನಡುವೆ ಹಬೆಯಾಡುವ ಹೂರಣ. ಇಟಲಿಯ ಸಿಸಿಲಿ ದ್ವೀಪದಲ್ಲಿ ಆ ಹೂರಣವೆಂದರೆ ಸಾಮಾನ್ಯವಾಗಿ ಟೊಮೆಟೊದಲ್ಲಿ ಬೇಯಿಸಿದ ಮಾಂಸ, ಬಟಾಣಿ, ಚೀಸ್. ಕೇರಳದ ಗಡಿನಾಡಿನ ಊರಾದ ಮುಳ್ಳೇರಿಯದ ನಮ್ಮ ಒಲೆಯ ಮೇಲೆ ಅದು ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಯಾವುದೂ ಇಲ್ಲದೆ ಸಿದ್ಧವಾಗುತ್ತದೆ. ಇಷ್ಟೆಲ್ಲ ಬಿಟ್ಟರೂ ಆ ತಿಂಡಿಯ ರುಚಿ ಸೊರಗುವುದಿಲ್ಲ. ಉಗ್ರಾಣದ ಮೂಲೆಯ ಭರಣಿಯಲ್ಲಿ ಉಪ್ಪುಸೊಳೆ ಇರಬೇಕು, ಅಷ್ಟೇ.

ಗಡಿನಾಡಿನ ಮನೆಗಳಿಗೆ ಉಪ್ಪುಸೊಳೆಯ ಪರಿಚಯ ಬೇಕಾಗಿಲ್ಲ. ಘಟ್ಟದ ಮೇಲಿನವರಿಗಾಗಿ ಎರಡು ಮಾತು. ಚೆನ್ನಾಗಿ ಬೆಳೆದು ಇನ್ನೂ ಹಣ್ಣಾಗದ ಹಲಸನ್ನು ಬೇಸಿಗೆಯಲ್ಲಿ ಕೊಯ್ದು, ಸೊಳೆ ಬಿಡಿಸಿ, ಬೇಳೆ ತೆಗೆದು, ಕಲ್ಲುಪ್ಪಿನ ಜೊತೆ ಭರಣಿಯಲ್ಲಿ ಒತ್ತಿ ತುಂಬುತ್ತಾರೆ. ಮೇಲೆ ಭಾರ ಇಟ್ಟು ಬಾಯಿ ಕಟ್ಟಿದರೆ ಸೊಳೆ ತಾನೇ ಬಿಟ್ಟ ನೀರಿನಲ್ಲಿ ಮುಳುಗಿ ಕೂರುತ್ತದೆ. ಮಳೆಗಾಲ ಹಿಡಿದು ತರಕಾರಿ ಸಿಗದ ದಿನಗಳಲ್ಲಿ ಅದನ್ನು ತೆಗೆದು, ನೀರಲ್ಲಿ ನೆನೆಹಾಕಿ ಉಪ್ಪು ಬಿಡಿಸಿ, ಪಲ್ಯವೋ ರೊಟ್ಟಿಯೋ ಮಾಡುವುದು ರೂಢಿ. ಕೇರಳ ಸರಕಾರ ಹಲಸನ್ನು ರಾಜ್ಯದ ಹಣ್ಣೆಂದು ಘೋಷಿಸಿದ್ದು 2018ರಲ್ಲಿ. ಹಲಸಿನ ಬಗ್ಗೆ ದಶಕಗಳಿಂದ ಬರೆಯುತ್ತ ಬಂದಿರುವ ಶ್ರೀಪಡ್ರೆಯವರು ನಮ್ಮ ಜಿಲ್ಲೆಯವರೇ. ಆದರೆ ಇಲ್ಲಿನ ಹೆಂಗಸರು ಆ ಹಣ್ಣಿಗೆ ಕೊಟ್ಟ ಮರ್ಯಾದೆ ಇದಕ್ಕೆಲ್ಲ ಮುಂಚಿನದು, ಅದು ಭರಣಿಯ ಒಳಗಿದೆ.

ಉಪ್ಪುಸೊಳೆಯ ಅತ್ಯಂತ ಸೊಗಸಾದ ರೂಪ ಉಂಡ್ಲಕಾಳು. ನೆನೆಸಿ ಹಿಂಡಿದ ಸೊಳೆಯನ್ನು ನೀರು ಸೋಕಿಸದೆ ರುಬ್ಬಿ, ಅಕ್ಕಿಹಿಟ್ಟು, ತೆಂಗಿನಕಾಯಿ ಸೇರಿಸಿ, ಪುಟ್ಟ ಪುಟ್ಟ ಉಂಡೆ ಕಟ್ಟಿ, ತೆಂಗಿನೆಣ್ಣೆಯಲ್ಲಿ ನಿಧಾನಕ್ಕೆ ಕರಿಯುವುದು. ಉಂಡೆ ಕಟ್ಟಲು ಮನೆಮಂದಿಯೆಲ್ಲ ಕೂರಬೇಕು. ಹಾಲಿಲ್ಲ, ತುಪ್ಪವಿಲ್ಲ, ಮೊಟ್ಟೆಯ ಮಾತೇ ಇಲ್ಲ. ಈಚೆಗೆ ಊರೂರಲ್ಲಿ ಕೇಳಿಬರುವ ‘ವೀಗನ್’ ಎಂಬ ಹೆಸರು ಈ ತಿಂಡಿಗೆ ಯಾರೂ ಕೊಟ್ಟಿಲ್ಲ, ಅದು ಹುಟ್ಟಿದ್ದೇ ಹಾಗೆ. ಉಂಡ್ಲಕಾಳು ಕಟ್ಟಿ ಪಳಗಿದ ಕೈಗೆ ಸಿಸಿಲಿಯ ಅನ್ನದುಂಡೆ ಹೊಸ ವಿದ್ಯೆಯಾಗಿ ಕಾಣುವುದಿಲ್ಲ.

ಅರಾಂಚೀನಿಯಿಂದ ಚೀಸ್ ತೆಗೆದರೆ ಕಳೆದುಹೋಗುವುದೇನು? ಎಳೆ ಎಳೆಯಾಗಿ ಜಗ್ಗುವ ಗುಣ ಒಂದು, ಅದು ಹೋದರೆ ನನಗೆ ಬೇಸರವಿಲ್ಲ. ನಿಜವಾದ ನಷ್ಟ ಬೇರೆ. ಸಿಸಿಲಿಯವರು ಹೂರಣಕ್ಕೆ ಹಾಕುವ ಕಾಚೋಕವಾಲ್ಲೊ ಚೀಸ್ ಹಾಲು, ಉಪ್ಪು, ಕಾಲ ಈ ಮೂರರಿಂದ ಆದದ್ದು. ತಿಂಗಳುಗಟ್ಟಲೆ ಇಟ್ಟು ಪಕ್ವವಾದ ಉಪ್ಪಿನ ರುಚಿಗೆ ಒಂದು ಆಳವಿರುತ್ತದೆ, ಅದು ನಾಲಿಗೆಯ ಬುಡದ ತನಕ ಹೋಗುತ್ತದೆ. ಒಲೆಯ ಮೇಲೆ ನಿಂತು ಉದುರಿಸಿದ ಪುಡಿಯುಪ್ಪಿನಿಂದ ಆ ಆಳ ಬರುವುದಿಲ್ಲ. ಗೇರುಬೀಜ ರುಬ್ಬಿ, ಲಿಂಬೆ ಹಿಂಡಿ ಚೀಸಿನಂತೆ ಮಾಡುವವರಿದ್ದಾರೆ. ಅದರಲ್ಲಿ ನುಣುಪು ಉಂಟು, ಕಾಲದ ರುಚಿ ಇಲ್ಲ. ಉಪ್ಪುಸೊಳೆಯಲ್ಲಿ ಅದುಂಟು. ಮೇ ತಿಂಗಳಲ್ಲಿ ಭರಣಿ ಸೇರಿದ ಸೊಳೆ ಮಳೆಗಾಲದ ಆಟಿ ತಿಂಗಳ ಹೊತ್ತಿಗೆ ತುಸು ಹುಳಿಗೆ ತಿರುಗಿ, ವಾಸನೆಯೂ ಬದಲಾಗಿ, ತನ್ನದೇ ಒಂದು ಗತ್ತು ಪಡೆದಿರುತ್ತದೆ. ಪೂರ್ತಿ ಉಪ್ಪು ಹೋಗುವವರೆಗೆ ನೆನೆಸದೆ, ಸ್ವಲ್ಪ ಉಳಿಸಿಕೊಂಡು, ಕೈಯಲ್ಲಿ ಗಟ್ಟಿಯಾಗಿ ಹಿಂಡಿ, ಉದ್ದುದ್ದಕ್ಕೆ ಸೀಳಿದರೆ ಹೂರಣದ ಅರ್ಧ ಕೆಲಸ ಆದಂತೆ.

ಉಳಿದರ್ಧಕ್ಕೆ ತಾಳ್ಮೆ ಬೇಕು. ತೆಂಗಿನೆಣ್ಣೆಯಲ್ಲಿ ನೀರುಳ್ಳಿಯನ್ನು ಕೆಂಪಾಗುವ ತನಕ ಬಾಡಿಸಿ, ಹೆಚ್ಚಿದ ಟೊಮೆಟೊ ಹಾಕಿ, ಅದು ಕರಗಿ ಎಣ್ಣೆ ಬಿಡುವವರೆಗೆ ಕಾಯಬೇಕು. ಆಮೇಲೆ ಸೊಳೆ, ಬೆಂದ ಬಟಾಣಿ, ತರಿತರಿಯಾಗಿ ಜಜ್ಜಿದ ಕಾಳುಮೆಣಸು. ಅಡಿಕೆತೋಟದ ನಡುವೆ ಜಾಯಿಕಾಯಿ ಮರವಿದ್ದವರು ಒಂದು ಚಿಟಿಕೆ ತುರಿದು ಹಾಕಲಿ. ಇಟಲಿಯವರಿಗೂ ಜಾಯಿಕಾಯಿ ಬಹಳ ಇಷ್ಟದ್ದು. ಕೊನೆಗೆ ಎರಡು ಚಮಚ ದಪ್ಪ ಕಾಯಿಹಾಲು, ಹೂರಣ ಒಂದಕ್ಕೊಂದು ಹಿಡಿದುಕೊಳ್ಳುವಷ್ಟು ಮಾತ್ರ. ಹೂರಣದಲ್ಲಿ ನೀರು ಉಳಿಯಬಾರದು. ಉಳಿದರೆ ಎಣ್ಣೆಗೆ ಬಿದ್ದ ಉಂಡೆ ಒಡೆಯುತ್ತದೆ. ನೀರುಳ್ಳಿ ತಿನ್ನದ ಮನೆಗಳಲ್ಲಿ ಅದರ ಬದಲು ಚೂರು ಬೆಲ್ಲ ಹಾಕಿದರೆ ಟೊಮೆಟೊದ ಹುಳಿ ಹದಕ್ಕೆ ಬರುತ್ತದೆ.

ಈಗ ಅನ್ನ. ಇಲ್ಲಿ ದಿನದೂಟಕ್ಕೆ ಬಳಸುವ ಕುಚ್ಚಲಕ್ಕಿ ಇದಕ್ಕೆ ಆಗದು. ಭತ್ತವನ್ನು ಬೇಯಿಸಿ ಒಣಗಿಸುವಾಗಲೇ ಅದರ ಪಿಷ್ಟ ಒಮ್ಮೆ ಬೆಂದು ಕಾಳಿನೊಳಗೆ ಬಿಗಿದುಕೊಂಡಿರುತ್ತದೆ. ಅದನ್ನು ಎಷ್ಟು ಬೇಯಿಸಿದರೂ ಕಾಳು ಕಾಳೇ, ಗಂಜಿಗೆ ಅದೇ ಚೆಂದ. ಉಂಡೆಗೆ ಬೇಕಾದದ್ದು ಭತ್ತ ಬೇಯಿಸದೆ ಮಾಡಿದ ಬೆಳ್ತಿಗೆ, ಅದರಲ್ಲೂ ಹೊಸ ಅಕ್ಕಿ. ಇಟಲಿಯ ಉತ್ತರದ ಪೋ ನದಿಯ ಬಯಲಲ್ಲಿ ಬೆಳೆಯುವ ಆರ್ಬೋರಿಯೊದಂಥ ಗುಂಡು ಅಕ್ಕಿಗಳಲ್ಲಿ ಅಮೈಲೋಸ್ ಕಡಿಮೆ, ಅಮೈಲೋಪೆಕ್ಟಿನ್ ಹೆಚ್ಚು. ಬೇಯುವಾಗ ಹೊರಗೆ ಬರುವ ಆ ಪಿಷ್ಟವೇ ಅಂಟು. ನಮ್ಮ ಬೆಳ್ತಿಗೆಯಿಂದ ಅದನ್ನು ಪಡೆಯಬೇಕಾದರೆ ಒಂದೇ ದಾರಿ, ತೆಳಿ ಬಸಿಯಬಾರದು. ಒಂದು ಕುಡ್ತೆ ಅಕ್ಕಿಗೆ ಎರಡೂವರೆ ಕುಡ್ತೆ ನೀರಿಟ್ಟು, ನಾಲ್ಕೈದು ಎಳೆ ಕೇಸರಿ ಉದುರಿಸಿ, ನೀರೆಲ್ಲ ಅನ್ನವೇ ಕುಡಿಯುವಂತೆ ಸಣ್ಣ ಉರಿಯಲ್ಲಿ ಬೇಯಿಸುವುದು. ನಡುನಡುವೆ ಸೌಟಾಡಿಸಿದರೆ ಕಾಳುಗಳು ಉಜ್ಜಿಕೊಂಡು ಇನ್ನಷ್ಟು ಅಂಟು ಬಿಡುತ್ತವೆ. ಬಣ್ಣಕ್ಕೆಂದು ಕೇಸರಿಯ ಬದಲು ಅರಿಸಿನ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಅರಿಸಿನದ ಘಾಟು ಈ ಅನ್ನಕ್ಕೆ ಹೊಂದುವುದಿಲ್ಲ. ಕೇಸರಿ ಇಲ್ಲದಿದ್ದರೆ ಬೆಳ್ಳಗೆ ಇರಲಿ.

ಬೆಂದ ಅನ್ನವನ್ನು ಅಗಲ ತಟ್ಟೆಗೆ ಹರಡಿ ತಣಿಯಲು ಬಿಡಬೇಕು. ತಣಿದಂತೆ ಪಿಷ್ಟ ಮತ್ತೆ ಬಿಗಿಯುತ್ತದೆ, ಆಗಷ್ಟೇ ಅದು ಹಿಡಿದ ಆಕಾರದಲ್ಲಿ ನಿಲ್ಲುತ್ತದೆ. ಸಿಸಿಲಿಯ ಲೇಖಕ ಆಂದ್ರೇಯಾ ಕಮಿಲ್ಲೇರಿ 1999ರಲ್ಲಿ ಪ್ರಕಟಿಸಿದ ಕತೆಗಳಲ್ಲಿ ಒಂದರ ಹೆಸರೇ ಮೊಂತಾಲ್ಬಾನೊನ ಅರಾಂಚೀನಿ. ಅದರಲ್ಲಿ ಪತ್ತೇದಾರ ಮೊಂತಾಲ್ಬಾನೊನ ಮನೆಯ ಅಡುಗೆಯ ಅದೆಲೀನಾಗೆ ಇವನ್ನು ಮಾಡಲು ಎರಡು ದಿನ ಬೇಕು. ಅವಳ ಲೆಕ್ಕ ಸರಿ. ಹಿಂದಿನ ದಿನ ಅನ್ನ ಮತ್ತು ಹೂರಣ, ಮರುದಿನ ಕಟ್ಟುವುದು, ಕರಿಯುವುದು.

ಕಟ್ಟುವ ಕೆಲಸವನ್ನು ನೋಡುತ್ತ ಕೂರುವುದೇ ಒಂದು ಸುಖ. ಪಕ್ಕದಲ್ಲಿ ಒಂದು ಬಟ್ಟಲು ನೀರು. ಒದ್ದೆ ಮಾಡಿದ ಎಡಗೈಗೆ ಒಂದು ಹಿಡಿ ಅನ್ನ ಹಾಕಿ, ಅಂಗೈ ಗುಳಿಗೆ ಸರಿಯಾಗಿ ಒತ್ತಿ, ಬಲಗೈ ಹೆಬ್ಬೆರಳಿಂದ ನಡುವೆ ತಗ್ಗು ಮಾಡುತ್ತ ತಿರುಗಿಸುತ್ತ ಹೋದರೆ ಅಂಚು ಏಳುತ್ತದೆ. ಮೋದಕದ ಕಣಕವನ್ನು ಬಟ್ಟಲು ಮಾಡುವಾಗಿನ ಕೈಚಲನೆಯೇ ಇದು, ಅನ್ನ ಮಾತ್ರ ಇನ್ನೂ ಸ್ವಲ್ಪ ಹೆಚ್ಚು ಒತ್ತಡ ಕೇಳುತ್ತದೆ. ಹೂರಣ ಒಂದು ಚಮಚ ಸಾಕು. ಅಂಚನ್ನು ಎಳೆದು ಮುಚ್ಚಿ, ಎರಡೂ ಅಂಗೈ ನಡುವೆ ತಿರುಗಿಸಿದಾಗ ಎಲ್ಲೂ ಬಿರುಕು ಕಾಣಬಾರದು. ಅನುಭವವುಳ್ಳ ಕೈ ಬಿರುಕನ್ನು ಕಣ್ಣಿಂದ ಹುಡುಕುವುದಿಲ್ಲ, ಉಂಡೆಯ ಮೈ ಸವರಿ ತಿಳಿಯುತ್ತದೆ. ಪಲೆರ್ಮೊದವರು ಹೀಗೆ ಗುಂಡಗೆ ಕಟ್ಟಿದರೆ, ಎಟ್ನಾ ಜ್ವಾಲಾಮುಖಿಯ ಬುಡದ ಕತಾನಿಯಾದಲ್ಲಿ ತುದಿ ಚೂಪಾಗಿ ಕಟ್ಟುವುದುಂಟು. ನನಗೆ ಗುಂಡನೆಯದೇ ಇಷ್ಟ. ಎಣ್ಣೆಯಲ್ಲಿ ತಾನೇ ಉರುಳುತ್ತದೆ, ಎಲ್ಲ ಕಡೆ ಒಂದೇ ಬಣ್ಣ ಬರುತ್ತದೆ.

ಮೊಟ್ಟೆ ಇಲ್ಲದೆ ಹೊರಗಿನ ಪುಡಿ ಅಂಟೀತೇ ಎಂಬ ಅನುಮಾನ ಹಲವರಿಗೆ. ಸಿಸಿಲಿಯಲ್ಲೇ ಎಷ್ಟೋ ಜನ ಮೊಟ್ಟೆ ಬಳಸುವುದಿಲ್ಲ. ಗೋಧಿ ಹಿಟ್ಟನ್ನು ನೀರಲ್ಲಿ ಕಲಸಿದ ತೆಳು ಬಂದದಲ್ಲಿ ಅದ್ದಿ, ಬ್ರೆಡ್ಡಿನ ಪುಡಿಯಲ್ಲಿ ಹೊರಳಿಸುತ್ತಾರೆ, ಅದನ್ನು ಅವರು ಲೇಗಾ ಎನ್ನುತ್ತಾರೆ. ನೀರುದೋಸೆ ಹಿಟ್ಟಿಗಿಂತ ತುಸು ದಪ್ಪ ಇದ್ದರಾಯಿತು. ಬ್ರೆಡ್ ತರುವಾಗ ಹಾಲಿನ ಪುಡಿ ಹಾಕಿದ್ದಾರೆಯೇ ಎಂದು ಪೇಟೆಯ ಬೇಕರಿಯಲ್ಲಿ ಕೇಳಿ ತರಬೇಕು. ಹುರಿದ ಅಕ್ಕಿಯ ತರಿಯಲ್ಲಿ ಹೊರಳಿಸಿದರೂ ನಡೆಯುತ್ತದೆ, ಗರಿಗರಿ ಇನ್ನೂ ಜೋರು.

ಈ ತಿಂಡಿಗೆ ಅರಬರ ಕಾಲದ ಚರಿತ್ರೆ ಹೇಳುವುದು ವಾಡಿಕೆ. ಒಂಬತ್ತನೆಯ ಶತಮಾನದಿಂದ ಹನ್ನೊಂದರ ತನಕ ಸಿಸಿಲಿಯನ್ನು ಆಳಿದ ಅರಬರು ಅಲ್ಲಿಗೆ ಅಕ್ಕಿ, ಕಿತ್ತಳೆ ಜಾತಿಯ ಗಿಡಗಳನ್ನು ಒಯ್ದದ್ದು ನಿಜ. ಆದರೆ ಈ ಉಂಡೆಯ ಲಿಖಿತ ಉಲ್ಲೇಖ ಸಿಗುವುದು ಬಹಳ ಈಚೆಗೆ, ಜುಸೆಪ್ಪೆ ಬಿಯುಂದಿಯ 1857ರ ಸಿಸಿಲಿ ನಿಘಂಟಿನಲ್ಲಿ, ಅದೂ ಒಂದು ಸಿಹಿ ತಿಂಡಿಯಾಗಿ. ಮಾಂಸ, ಚೀಸ್ ಅದಕ್ಕೆ ಆಮೇಲೆ ಬಂದವು ಎಂದಾದರೆ, ಅವಿಲ್ಲದೆ ಮಾಡಿದ್ದನ್ನು ಅನುಕರಣೆ ಎಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ. ಪಲೆರ್ಮೊದಲ್ಲಿ ಡಿಸೆಂಬರ್ 13ರ ಸಂತ ಲುಚೀಯಾ ಹಬ್ಬಕ್ಕೆ ಬ್ರೆಡ್ಡು, ಪಾಸ್ತಾ ಬಿಟ್ಟು ಇದನ್ನು ತಿನ್ನುತ್ತಾರೆ. ಒಂದು ಬರಗಾಲದಲ್ಲಿ ಧಾನ್ಯದ ಹಡಗು ಬಂದ ನೆನಪಿಗೆ ಎಂದು ಅಲ್ಲಿಯವರ ನಂಬಿಕೆ.

ಕರಿಯಲು ತೆಂಗಿನೆಣ್ಣೆ. ಗಾಣದ ಎಣ್ಣೆ 175 ಡಿಗ್ರಿಯ ಆಸುಪಾಸಿನಲ್ಲೇ ಹೊಗೆಯಾಡತೊಡಗುತ್ತದೆ, ಆದ್ದರಿಂದ ಉರಿ ಮೀರಬಾರದು. ಒಂದು ಚೂರು ಪುಡಿ ಹಾಕಿದರೆ ತಕ್ಷಣ ಮೇಲೆದ್ದು ಸುತ್ತ ನೊರೆ ಬಂದರೆ ಅದೇ ಹದ. ಒಳಗೆ ಎಲ್ಲವೂ ಬೆಂದದ್ದೇ ಆದ್ದರಿಂದ ಎಣ್ಣೆಗೆ ಇರುವ ಕೆಲಸ ಎರಡೇ, ಹೊರಮೈಗೆ ಬಣ್ಣ ಕೊಡುವುದು, ನಡುವನ್ನು ಬಿಸಿ ಮಾಡುವುದು. ಒಂದು ಸಲಕ್ಕೆ ಮೂರ್ನಾಲ್ಕಕ್ಕಿಂತ ಹೆಚ್ಚು ಹಾಕಬಾರದು. ಮೊದಲು ಜೋರಾಗಿದ್ದ ಸದ್ದು ಮೆಲ್ಲಗೆ ಇಳಿದು, ಬಣ್ಣ ಒಣ ಅಡಿಕೆಯ ಸಿಪ್ಪೆಯಂತೆ ಕಂದಿದಾಗ ತೆಗೆದು ಐದು ನಿಮಿಷ ಬಿಡಬೇಕು. ಆ ಐದು ನಿಮಿಷದಲ್ಲಿ ಹೊರಗಿನ ಬಿಸಿ ಒಳಗೆ ಇಳಿಯುತ್ತದೆ.

ಬಾಯಿಗಿಟ್ಟಾಗ ಮೊದಲು ತೆಂಗಿನೆಣ್ಣೆಯ ಪರಿಮಳ, ಆಮೇಲೆ ಅನ್ನದ ಸೌಮ್ಯ ಸಿಹಿ, ಅದರ ಹಿಂದೆಯೇ ಸೊಳೆಯ ಹಳೆಯ ಉಪ್ಪು ಮತ್ತು ಮೆಣಸಿನ ಖಾರ. ಸೊಳೆಯ ನಾರು ಹಲ್ಲಿಗೆ ತುಸು ಎದುರು ನಿಲ್ಲುತ್ತದೆ, ಅಗಿಯುವಷ್ಟು ಹೊತ್ತೂ ರುಚಿ ಬಿಡುತ್ತಲೇ ಇರುತ್ತದೆ. ನಂಜಿಕೊಳ್ಳಲು ಬಾಟಲಿಯ ಸಾಸ್ ಬೇಡ. ಬಿಂಬುಳಿಯನ್ನು ಹಸಿಮೆಣಸಿನ ಜೊತೆ ಬೇಯಿಸಿ ಮಾಡಿದ ಗೊಜ್ಜು ಇದ್ದರೆ ಅದರ ಹುಳಿ ಎಣ್ಣೆಯ ಜಿಡ್ಡನ್ನು ಕತ್ತರಿಸುತ್ತದೆ. ಭರಣಿ ಖಾಲಿಯಾಗುವ ಹೊತ್ತಿಗೆ ಮರದಲ್ಲಿ ಗುಜ್ಜೆ, ಅಂದರೆ ಎಳೆ ಹಲಸು, ಬಿಟ್ಟಿರುತ್ತದೆ. ಆಗ ಹೂರಣಕ್ಕೆ ಬೇಯಿಸಿ ಜಜ್ಜಿದ ಗುಜ್ಜೆ ಹಾಕಬಹುದು. ಅದು ಹೆಚ್ಚು ಮೆದು, ಮಸಾಲೆಯನ್ನು ಬೇಗ ಹೀರುತ್ತದೆ, ಉಪ್ಪನ್ನು ಮಾತ್ರ ನಾವೇ ನೋಡಿ ಹಾಕಬೇಕು.