ಕಾರಿನ ಬೆನ್ನ ಹಿಂದಿನ ಗಾಳಿ

ಮಣ್ಣುರಸ್ತೆಯಲ್ಲಿ ಹತ್ತು ಮೈಲಿ ಓಡಿ ಬಂದ ಜೀಪನ್ನೋ ವ್ಯಾನನ್ನೋ ಒಮ್ಮೆ ಸುತ್ತಿ ನೋಡಿದರೆ ಸಾಕು. ಮುಂದಿನ ಗಾಜು ಹೆಚ್ಚುಕಡಿಮೆ ಶುಭ್ರವಾಗಿರುತ್ತದೆ. ಹಿಂದಿನ ಗಾಜಿನ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು ಕೂತಿರುತ್ತದೆ. ಧೂಳೆಬ್ಬಿಸಿದ್ದು ಚಕ್ರ, ಅದನ್ನು ತಂದು ಅಂಟಿಸಿದ್ದು ಗಾಳಿ. ಗಾಡಿ ಮುಂದೆ ಹೋದಂತೆ ಅದರ ಬೆನ್ನಿಗೆ ಒತ್ತಡ ತಗ್ಗಿದ ಒಂದು ಜಾಗ ಹುಟ್ಟುತ್ತದೆ. ಅಲ್ಲಿ ಸುಳಿಸುಳಿಯಾಗಿ ತಿರುಗುವ ಗಾಳಿ ಧೂಳನ್ನು ಒಳಕ್ಕೆ ಸೆಳೆಯುತ್ತದೆ, ಗಾಡಿಯನ್ನೂ ಹಿಂದಕ್ಕೆ ಜಗ್ಗುತ್ತದೆ. ಮೂತಿ ಚೂಪಾಗಿದ್ದರೆ ಗಾಳಿ ಸೀಳಿಹೋಗುತ್ತದೆ ಎಂದು ನಂಬಿದವರು ಬಹಳ ಮಂದಿ. ಆದರೆ ಕಾರು ಗಾಳಿಗೆ ಸೋಲುವುದು ಬಹುಮಟ್ಟಿಗೆ ಹಿಂಬದಿಯಲ್ಲಿ. ಗಾಳಿಗೆ ಒಗ್ಗುವ ಕಾರು ಕಟ್ಟುವ ನೂರು ವರ್ಷದ ಪರಂಪರೆ ಎಲ್ಲಿ ಗೆದ್ದಿತು, ಎಲ್ಲಿ ದಾರಿ ತಪ್ಪಿತು ಎಂಬುದನ್ನೂ ಈ ಹಿಂಬದಿಯಿಂದಲೇ ನೋಡಬೇಕು.

ಈ ಪರಂಪರೆ ಹುಟ್ಟಿದ್ದು ಕೆಲಸ ಕಳೆದುಕೊಂಡ ವಿಮಾನ ಎಂಜಿನಿಯರುಗಳಿಂದ. ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿಯ ವಿಮಾನ ತಯಾರಿಕೆಗೆ ವರ್ಸೇಲ್ಸ್ ಒಪ್ಪಂದ ಬೀಗ ಹಾಕಿತು. ಅದುವರೆಗೆ ವಿಮಾನ ಕಟ್ಟುತ್ತಿದ್ದ ಎಡ್ಮುಂಡ್ ರುಂಪ್ಲರ್ 1921ರ ಬರ್ಲಿನ್ ಪ್ರದರ್ಶನಕ್ಕೆ ‘ಟ್ರೋಪ್ಫೆನ್‌ವಾಗನ್’ ತಂದರು. ಹೆಸರಿನ ಅರ್ಥ ಹನಿ ಗಾಡಿ. ಮೇಲಿನಿಂದ ನೋಡಿದರೆ ನೀರ ಹನಿಯದೇ ಆಕಾರ, ಎಂಜಿನ್ ಹಿಂದೆ, ಬಾಗಿದ ಗಾಜುಗಳು. 1979ರಲ್ಲಿ ಫೋಕ್ಸ್‌ವ್ಯಾಗನ್ ಕಂಪನಿಯ ಗಾಳಿ ಸುರಂಗದಲ್ಲಿ ಅದನ್ನು ಅಳೆದಾಗ ಡ್ರ್ಯಾಗ್ ಗುಣಾಂಕ 0.28 ಬಂತು. ಒಂದು ಆಕಾರ ಗಾಳಿಗೆ ಎಷ್ಟು ಅಡ್ಡ ಬರುತ್ತದೆ ಎಂದು ತಿಳಿಸುವ ಸಂಖ್ಯೆ ಇದು: ಚೌಕದ ಡಬ್ಬಿಗೆ ಸುಮಾರು 1, ಚೆಂಡಿಗೆ 0.47. ರುಂಪ್ಲರ್ ಕಾಲದ ಉಳಿದ ಕಾರುಗಳದು 0.7ರ ಆಸುಪಾಸು. ಇಷ್ಟಾದರೂ ತಯಾರಾದದ್ದು ಬರೀ ನೂರರಷ್ಟು ಗಾಡಿ, ಅವಕ್ಕೂ ಗಿರಾಕಿಗಳು ಕಡಿಮೆ. ಸಾಮಾನಿಡಲು ಜಾಗವಿರಲಿಲ್ಲ, ಎಂಜಿನ್ ಕಾಟ ಬೇರೆ. 1927ರ ‘ಮೆಟ್ರೊಪೊಲಿಸ್’ ಚಿತ್ರದಲ್ಲಿ ಭವಿಷ್ಯದ ನಗರದ ಕಾರುಗಳಾಗಿ ಕಾಣಿಸಿಕೊಂಡ ಕೆಲವು ಆ ಚಿತ್ರೀಕರಣದಲ್ಲೇ ಸುಟ್ಟುಹೋದವು.

ಹನಿಯ ಮೋಹವನ್ನು ಸರಿಯಾದ ದಾರಿಗೆ ತಂದವರು ಪೌಲ್ ಯಾರೈ. ಜೆಪ್ಪೆಲಿನ್ ವಾಯುನೌಕೆಗಳನ್ನು ರೂಪಿಸಿದ ಅನುಭವ ಅವರ ಬೆನ್ನಿಗಿತ್ತು. ಆಕಾಶದಲ್ಲಿ ತೇಲುವ ಹನಿಗೂ ನೆಲಕ್ಕೆ ಒತ್ತಿಕೊಂಡು ಓಡುವ ಹನಿಗೂ ಗಾಳಿ ಒಂದೇ ರೀತಿ ಹರಿಯುವುದಿಲ್ಲ ಎಂಬುದನ್ನು ಅವರು ಕಂಡುಕೊಂಡರು. ತಳ ಚಪ್ಪಟೆಯಾದ ಅರ್ಧ ಹನಿ, ಅದರ ಮೇಲೆ ಕೂತವರಿಗಾಗಿ ಇನ್ನೊಂದು ಸಣ್ಣ ಹನಿ, ಇದು ಅವರ ಸೂತ್ರ. ಜೆಕೊಸ್ಲೊವಾಕಿಯಾದ ಟಾಟ್ರಾ ಕಂಪನಿಯ ಹಾನ್ಸ್ ಲೆಡ್ವಿಂಕಾ ಬಳಗ ಈ ಸೂತ್ರದ ಮೇಲೆ 1934ರಲ್ಲಿ ಟಾಟ್ರಾ 77, ಎರಡು ವರ್ಷದ ಬಳಿಕ ಟಾಟ್ರಾ 87 ತಂದಿತು. ಮೂರು ಲೀಟರಿಗೂ ಚೂರು ಕಡಿಮೆ ಎಂಜಿನ್, ಸುಮಾರು 75 ಅಶ್ವಶಕ್ತಿ. ಅಷ್ಟರಲ್ಲೇ ಟಾಟ್ರಾ 87 ಕಾರು ಗಂಟೆಗೆ 160 ಕಿಲೋಮೀಟರ್ ಓಡುತ್ತಿತ್ತು. ಬೆನ್ನ ಮೇಲೆ ಮೀನಿನ ರೆಕ್ಕೆಯಂಥದೊಂದು ಏಣು, ಹಿಂದಿನ ಗಾಜಿರಬೇಕಾದ ಕಡೆ ಎಂಜಿನ್ನಿಗೆ ಗಾಳಿ ಬಿಡುವ ಸೀಳುಗಳು. ನೋಡಲು ಇಂದಿಗೂ ಮೈ ಜುಮ್ಮೆನ್ನುವ ಕಾರು. ಆದರೆ ಭಾರವೆಲ್ಲ ಹಿಂದಿದ್ದದ್ದರಿಂದ ತಿರುವಿನಲ್ಲಿ ಬಾಲ ಜಾರುತ್ತಿತ್ತು. ಹನಿಯ ಆಕಾರ ಉಳಿಸಲು ಎಂಜಿನ್ನನ್ನು ಹಿಂದಕ್ಕೆ ತಳ್ಳಿದ್ದಕ್ಕೆ ತೆತ್ತ ಬೆಲೆ ಇದು.

ಅದೇ 1934ರಲ್ಲಿ ಅಮೆರಿಕದಲ್ಲಿ ಕ್ರೈಸ್ಲರ್ ಕಂಪನಿ ಇದೇ ಜಾಡಿನ ‘ಏರ್‌ಫ್ಲೋ’ ಕಾರು ತಂದು ಕೈ ಸುಟ್ಟುಕೊಂಡಿತು. ಜನ ಅದರ ಮೂತಿಯನ್ನು ಒಪ್ಪಲಿಲ್ಲ.

ಈ ಪರಂಪರೆಯ ನಿಜವಾದ ದೊಡ್ಡ ಹೆಜ್ಜೆ ಶ್ಟುಟ್‌ಗಾರ್ಟಿನ ವುನಿಬಾಲ್ಡ್ ಕಾಮ್ ಅವರದು. ಅವರ ಸಂಶೋಧನೆಯ ಬಗೆ ತಿಳಿಯಲು ಗಾಳಿ ಸುರಂಗದ ಒಂದು ಹಳೆಯ ಉಪಾಯ ನೋಡಬೇಕು. ಕಾರಿನ ಮೈಗೆ ಗೇಣುದ್ದಕ್ಕಿಂತ ಚಿಕ್ಕ ಉಣ್ಣೆ ದಾರಗಳನ್ನು ಸಾಲಾಗಿ ಅಂಟಿಸಿ ಫ್ಯಾನ್ ಹಾಕುತ್ತಾರೆ. ಬಾನೆಟ್ಟಿನ ಮೇಲೆ, ಛಾವಣಿಯ ಮೇಲೆ ದಾರಗಳು ತಲೆ ಬಾಚಿದಂತೆ ನೀಟಾಗಿ ಹಿಂದಕ್ಕೆ ಮಲಗುತ್ತವೆ. ಛಾವಣಿ ಇಳಿಯತೊಡಗಿದ ಮೇಲೆ ಒಂದು ಗೆರೆ ಬರುತ್ತದೆ. ಅದನ್ನು ದಾಟಿದ ದಾರಗಳು ನಡುಗಿ, ಗಿರಗಿರ ತಿರುಗಿ, ಕೆಲವು ಮುಂದಕ್ಕೇ ಬಾಗುತ್ತವೆ. ಗಾಳಿ ಮೈ ಬಿಟ್ಟಿತು ಎಂದು ಅರ್ಥ. ಇಳಿಜಾರು ತೀರ ಕಡಿದಾದರೆ ಗಾಳಿ ಅದಕ್ಕೆ ಅಂಟಿಕೊಂಡು ಬರಲಾರದು. ಅಂಟಿಕೊಂಡೇ ಬರಲಿ ಎಂದರೆ ಬಾಲವನ್ನು ಮಾರುದ್ದ ಎಳೆಯಬೇಕು, ಅಂಥ ಕಾರನ್ನು ಯಾವ ಬೀದಿಯಲ್ಲಿ ನಿಲ್ಲಿಸುವುದು? ಕಾಮ್ ಕಂಡ ದಾರಿ ಸರಳ. ಗಾಳಿ ಬಿಡುವ ತನಕ ಮೈಯನ್ನು ಮೆಲ್ಲಗೆ ಇಳಿಸುತ್ತ ಬಂದು, ಅಲ್ಲಿಂದಾಚೆಗಿನ ಬಾಲವನ್ನು ಮಚ್ಚಿನಿಂದ ಕಡಿದಂತೆ ನೇರ ಕತ್ತರಿಸಿಬಿಡುವುದು. ಪೂರ್ತಿ ಹನಿಯ ಲಾಭದಲ್ಲಿ ದೊಡ್ಡ ಪಾಲು ಸಿಗುತ್ತದೆ, ಉದ್ದದ ತೊಂದರೆ ತಪ್ಪುತ್ತದೆ. 1960ರ ದಶಕದ ಫೆರಾರಿ 250 ಜಿಟಿಒ ಮತ್ತು ಆಲ್ಫಾ ರೋಮಿಯೋ ರೇಸ್ ಕಾರುಗಳಿಂದ ಹಿಡಿದು ಟೊಯೋಟಾ ಪ್ರಿಯಸ್‌ವರೆಗೆ ಈ ಮೊಂಡು ಬಾಲ ಬಂದಿದೆ.

ಹಿಂಬದಿ ಎಷ್ಟು ನಾಜೂಕು ಎಂಬುದು 1984ರಲ್ಲಿ ಅಹ್ಮದ್ ಮತ್ತು ಸಂಗಡಿಗರು ಜರ್ಮನಿಯಲ್ಲಿ ನಡೆಸಿದ ಪ್ರಯೋಗದಲ್ಲಿ ಇನ್ನೂ ಸ್ಪಷ್ಟವಾಯಿತು. ಕಾರನ್ನು ಒಂದು ಸರಳ ಮರದ ದಿಮ್ಮಿಯ ಆಕಾರಕ್ಕೆ ಇಳಿಸಿ, ಹಿಂದಿನ ಇಳಿಜಾರಿನ ಕೋನವೊಂದನ್ನೇ ಬದಲಾಯಿಸುತ್ತ ಹೋದರು. ಕೋನ 30 ಡಿಗ್ರಿಗೆ ಹತ್ತಿರವಾದಂತೆ ತಡೆ ಏರುತ್ತ ಹೋಯಿತು, ಅದನ್ನು ದಾಟಿದ ಕೂಡಲೇ ಧಡಕ್ಕನೆ ಬಿತ್ತು. ಎಂಜಿನಿಯರುಗಳು ಇಂದಿಗೂ ಕಂಪ್ಯೂಟರ್ ಲೆಕ್ಕಗಳನ್ನು ಒರೆಗೆ ಹಚ್ಚುವುದು ಇದೇ ‘ಅಹ್ಮದ್ ಬಾಡಿ’ಯ ಮೇಲೆ. ಕಣ್ಣಿಗೆ ಚೆನ್ನಾಗಿ ಕಂಡ ಆಕಾರ ಗಾಳಿಗೂ ಚೆನ್ನ ಎಂದು ಹೇಳಲಾಗದು ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಡ.

ಅಷ್ಟರಲ್ಲಾಗಲೇ 1973ರ ತೈಲ ಬಿಕ್ಕಟ್ಟು ಗಾಳಿಗೆ ಒಗ್ಗುವ ಈ ವಿದ್ಯೆಯನ್ನು ಸಾಮಾನ್ಯ ಸಂಸಾರದ ಕಾರಿಗೆ ತಂದಿತು. 1982ರ ಆಡಿ 100ರಲ್ಲಿ ಕಿಟಕಿಯ ಗಾಜುಗಳು ಚೌಕಟ್ಟಿನೊಳಗೆ ಹುದುಗದೆ ಬಾಡಿಯ ಮಟ್ಟಕ್ಕೇ ಸಮನಾಗಿ ಕೂತವು. ಸಣ್ಣ ಗೂಟಗಳ ಆಧಾರದಿಂದ ಹಳಿಯ ಮೇಲೆ ಜಾರುತ್ತಿದ್ದವು. ಗುಣಾಂಕ 0.30. ಹನಿಯ ವೇಷವಿಲ್ಲದೆ, ಎಂಜಿನ್, ಸೀಟು, ಡಿಕ್ಕಿ ಎಂಬ ಮೂರು ಡಬ್ಬಿಯ ಮರ್ಯಾದಸ್ಥ ಕಾರು ಈ ಅಂಕ ಮುಟ್ಟಿದ್ದು ಪರಂಪರೆಯ ನಿಜವಾದ ಗೆಲುವು. ಆದರೆ ಆ 0.30 ಸಿಕ್ಕಿದ್ದು ಕಿರಿದಾದ ಟೈರಿನ ಮೂಲ ಮಾದರಿಗೆ ಮಾತ್ರ. ಜಾಹೀರಾತಿಗೆ ಒಂದು ಅಂಕ, ಜನ ಕೊಳ್ಳುವ ಗಾಡಿಗೆ ಇನ್ನೊಂದು ಎಂಬ ಚಾಳಿ ಆಗಲೇ ಬೇರೂರಿತ್ತು.

ಅಂಕದ ಈ ಪೂಜೆಯೇ ಇಂದು ಈ ಪರಂಪರೆಯ ದೊಡ್ಡ ದೋಷ. ಗಾಳಿ ಜಗ್ಗುವ ಬಲ ಗುಣಾಂಕವನ್ನಷ್ಟೇ ನೋಡುವುದಿಲ್ಲ, ಕಾರಿನ ಮುಂಭಾಗದ ವಿಸ್ತೀರ್ಣದೊಂದಿಗೆ ಅದನ್ನು ಗುಣಿಸುತ್ತದೆ. ಗುಣಾಂಕ 0.29, ಮುಂಭಾಗ 2.8 ಚದರ ಮೀಟರ್ ಇರುವ ಎತ್ತರದ ಎಸ್‌ಯುವಿಗೆ ಗುಣಲಬ್ಧ 0.81. ಗುಣಾಂಕ 0.32, ಮುಂಭಾಗ 2.1 ಇರುವ ಸಣ್ಣ ಕಾರಿಗೆ 0.67. ಜಾಹೀರಾತಿನಲ್ಲಿ ಗೆಲ್ಲುವುದು ಎಸ್‌ಯುವಿ. ರಸ್ತೆಯಲ್ಲಿ ಗಂಟೆಗೆ 100 ಕಿಲೋಮೀಟರಿಗೆ ಗಾಳಿಗೆಂದೇ ಅದು ಸುಮಾರು 10.4 ಕಿಲೋವಾಟ್ ಸುಡುತ್ತದೆ, ಸಣ್ಣ ಕಾರು 8.6. ಮೇಲಾಗಿ ಈ ಶಕ್ತಿ ವೇಗದ ಘನಕ್ಕೆ ಏರುವಂಥದು: ವೇಗ ಎರಡು ಪಟ್ಟಾದರೆ ಎಂಟು ಪಟ್ಟು. ಬೆಂಗಳೂರಿನ ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ತೆವಳುವ ಕಾರಿಗೆ ಗಾಳಿಯ ಹೊರೆ ನಗಣ್ಯ. ಅದೇ ಕಾರು ಮೈಸೂರು ಹೆದ್ದಾರಿಗೆ ಇಳಿದು ನೂರು ಮುಟ್ಟಿದರೆ ದೊಡ್ಡ ಖರ್ಚೇ ಅದು.

ತಡೆ ತಗ್ಗಿಸುವುದೊಂದನ್ನೇ ಗುರಿ ಮಾಡಿಕೊಂಡರೆ ಅಪಾಯವೂ ಉಂಟು. 1998ರ ಆಡಿ ಟಿಟಿಯ ನುಣುಪಾದ ದುಂಡು ಬೆನ್ನು ಅತಿ ವೇಗದಲ್ಲಿ ಹಿಂಬದಿಯನ್ನು ಮೇಲಕ್ಕೆತ್ತುತ್ತಿತ್ತು. ಜರ್ಮನಿಯ ಹೆದ್ದಾರಿಗಳಲ್ಲಿ ಸಾವುನೋವಿನ ಅಪಘಾತಗಳಾದ ಮೇಲೆ ಕಂಪನಿ ಹಿಂದೆ ಸಣ್ಣದೊಂದು ಸ್ಪಾಯ್ಲರ್ ಕೂರಿಸಬೇಕಾಯಿತು.

ಬ್ಯಾಟರಿ ಕಾರುಗಳ ಕಾಲದಲ್ಲಿ ಈ ವಿದ್ಯೆಗೆ ಮರುಜೀವ ಬಂದಿದೆ. 2022ರಲ್ಲಿ 0.17 ಗುಣಾಂಕದ ಮರ್ಸಿಡಿಸ್ ಇಕ್ಯೂಎಕ್ಸ್‌ಎಕ್ಸ್ ಒಂದೇ ಚಾರ್ಜಿನಲ್ಲಿ ಜರ್ಮನಿಯಿಂದ ಫ್ರಾನ್ಸಿನ ಕಸ್ಸಿಗೆ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಓಡಿತು. ಅದರ ಗುಟ್ಟು ತಗ್ಗು ಮೈ, ಸಣ್ಣ ಮುಂಭಾಗ, ಕಿರಿದಾದ ಟೈರು, ಉದ್ದವಾಗಿ ಇಳಿದು ಕಡಿದುಹೋದ ಬಾಲ. ಶೋರೂಮಿನಲ್ಲಿ ಸಾಲಾಗಿ ನಿಂತ ಬ್ಯಾಟರಿ ಎಸ್‌ಯುವಿಗಳು ಇದರಲ್ಲಿ ಹೆಚ್ಚಿನದನ್ನು ಬಿಟ್ಟುಕೊಟ್ಟು, ಕಳೆದದ್ದನ್ನು ದೊಡ್ಡ ಬ್ಯಾಟರಿಯಿಂದ ತುಂಬಿಸಿಕೊಳ್ಳುತ್ತಿವೆ.

ನಮ್ಮಲ್ಲಿ ಕಾರು ಕೊಳ್ಳಲು ಹೋದವರು ಕೇಳುವ ಮೊದಲ ಪ್ರಶ್ನೆ, ‘ಗಾಡಿ ಎಷ್ಟು ಕೊಡುತ್ತೆ?’ ಅದರ ಜೊತೆಗೆ ಮುಂಭಾಗದ ವಿಸ್ತೀರ್ಣ ಎಷ್ಟು, ಗುಣಾಂಕದೊಡನೆ ಗುಣಿಸಿದರೆ ಎಷ್ಟು ಎಂದೂ ಕೇಳಬೇಕು. ಆ ಅಂಕವನ್ನು ಬ್ರೋಷರಿನಲ್ಲಿ ಅಚ್ಚು ಹಾಕಿ ಎಂದು ಒತ್ತಾಯಿಸಬೇಕು. ಹಾಗೆಯೇ, ಹೆದ್ದಾರಿಗೆ ಹೊರಡುವ ಮುನ್ನ ಛಾವಣಿಯ ಮೇಲಿನ ಖಾಲಿ ಕ್ಯಾರಿಯರನ್ನು ದಯವಿಟ್ಟು ಬಿಚ್ಚಿ ಮನೆಯಲ್ಲಿಡಿ.